ಎಫಿ ಬ್ರೀಸ್ಟ್: ತಡವಾಗಿ ಬಂದ ಪ್ರೌಢಿಮೆ

ಎಳೆಯ ವಯಸ್ಸಿನ ವ್ಯಕ್ತಿಯೊಬ್ಬ ಲೋಕದೊಳಗೆ ಹೊಕ್ಕು, ಏಟು ತಿಂದು, ಕಲಿತು, ತನ್ನ ನೆಲೆ ಯಾವುದೆಂಬುದನ್ನು ಕಂಡುಕೊಳ್ಳುವ ಕಥನಕ್ಕೆ ಜರ್ಮನ್ ಸಾಹಿತ್ಯದಲ್ಲಿ ದೀರ್ಘವಾದ ಪರಂಪರೆಯಿದ್ದು, ಅಂಥ ಕೃತಿಗಳನ್ನು ಅಲ್ಲಿನ ವಿಮರ್ಶಕರು ‘ಬಿಲ್ಡುಂಗ್ಸ್‌ರೋಮಾನ್’, ಅಂದರೆ ವ್ಯಕ್ತಿತ್ವ ವಿಕಾಸದ ಕಾದಂಬರಿ, ಎಂದು ಕರೆಯುತ್ತಾರೆ. 1795-96ರಲ್ಲಿ ಪ್ರಕಟವಾದ ಗಯಟೆಯ ವಿಲ್ಹೆಲ್ಮ್ ಮೈಸ್ಟರನ ಕಥೆಯನ್ನು ಈ ಪ್ರಕಾರದ ಮಾದರಿಯೆಂದು ಎಣಿಸಲಾಗುತ್ತದೆ. ವ್ಯಾಪಾರಿಯ ಮಗನಾದ ವಿಲ್ಹೆಲ್ಮ್ ಮನೆಯಿಂದ ಹೊರಟು, ನಾಟಕ ತಂಡದೊಡನೆ ಅಲೆದು, ಪ್ರೀತಿಸಿ, ಎಡವಿ, ಕೊನೆಗೆ ಬದುಕಿನಲ್ಲಿ ಗೌರವದ ಸ್ಥಾನವೊಂದನ್ನು ಪಡೆಯುತ್ತಾನೆ. ಮನೆ ಬಿಟ್ಟು ಹೋಗುವ ಸ್ವಾತಂತ್ರ್ಯ ಮತ್ತು ತಪ್ಪು ಮಾಡಿದ ಮೇಲೂ ಬದುಕು ಮುಂದುವರಿಯುತ್ತದೆಂಬ ಭರವಸೆ, ಇವೆರಡರ ಮೇಲೆಯೇ ಆ ಕಥನದ ಇಡೀ ಕಟ್ಟಡ ನಿಂತಿದೆ. ಅದೇ ಕಾಲದ ಹೆಣ್ಣುಮಕ್ಕಳಿಗೆ ಈ ಎರಡೂ ಇರಲಿಲ್ಲವಾದ್ದರಿಂದ, ಮುಗ್ಧ ತರುಣಿಯೊಬ್ಬಳು ಪ್ರೌಢಳಾಗುವುದು ಹೇಗೆ ಎಂಬ ಪ್ರಶ್ನೆಗೆ ಆ ಮಾದರಿಯಲ್ಲಿ ಉತ್ತರ ಸಿಗುವುದಿಲ್ಲ.

ಉತ್ತರ ಹುಡುಕುವ ಯತ್ನ ಮಾತ್ರ ಗಯಟೆಗಿಂತ ಮೊದಲೇ ಆರಂಭವಾಗಿತ್ತು. ಸೋಫೀ ಫಾನ್ ಲಾ ರೋಷ್ ಬರೆದು, ಕವಿ ವೀಲಾಂಡ್ 1771ರಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟಿಸಿದ ಕಾದಂಬರಿಯಲ್ಲಿ, ಷ್ಟೆರ್ನ್‌ಹೈಮ್ ಮನೆತನದ ಅನಾಥ ಹುಡುಗಿಯು ಆಸ್ಥಾನದ ಸಂಚುಗಳಿಗೆ ಸಿಕ್ಕಿ, ಸುಳ್ಳು ಮದುವೆಯ ಮೋಸಕ್ಕೆ ಬಲಿಯಾಗಿ, ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಸೆರೆಯಲ್ಲಿದ್ದೂ ತನ್ನ ಸದ್ಗುಣವನ್ನು ಕಾಪಾಡಿಕೊಂಡು ಹೊರಬರುತ್ತಾಳೆ. ಅಲ್ಲಿ ನಾಯಕಿಯ ಗುಣಕ್ಕೆ ಪರೀಕ್ಷೆ ನಡೆಯುತ್ತದೆಯೇ ಹೊರತು ಅವಳ ಅರಿವು ಬೇರೆಯಾಗುವುದಿಲ್ಲ. ಹೆಣ್ಣಿನ ಅರಿವು ಬೆಳೆಯುವ ಬಗೆಯನ್ನು, ಆ ಬೆಳವಣಿಗೆಗೆ ಅವಳು ತೆರಬೇಕಾದ ಬೆಲೆಯನ್ನು ಒಟ್ಟಿಗೆ ತೋರಿಸಿದ ಜರ್ಮನ್ ಕಾದಂಬರಿಗಾಗಿ ಇನ್ನೂ ಒಂದೂಕಾಲು ಶತಮಾನ ಕಾಯಬೇಕಾಯಿತು. ಅದೇ ಥಿಯೊಡೋರ್ ಫೊಂಟಾನೆಯ ‘ಎಫಿ ಬ್ರೀಸ್ಟ್’.

ಬ್ರಾಂಡೆನ್‌ಬುರ್ಗ್ ಪ್ರಾಂತದ ನೊಯ್‌ರುಪ್ಪಿನ್‌ನಲ್ಲಿ 1819ರಲ್ಲಿ ಹುಟ್ಟಿದ ಫೊಂಟಾನೆ ಔಷಧ ವ್ಯಾಪಾರಿಯ ಮಗನಾಗಿದ್ದು, ತಾನೂ ಅದೇ ವೃತ್ತಿಯಲ್ಲಿ ತರಬೇತಿ ಪಡೆದು, ಆಮೇಲೆ ಪತ್ರಕರ್ತನಾಗಿ, ಯುದ್ಧ ವರದಿಗಾರನಾಗಿ, ನಾಟಕ ವಿಮರ್ಶಕನಾಗಿ ಬದುಕಿ, ಅರವತ್ತರ ಹೊಸ್ತಿಲಲ್ಲಿ, 1878ರಲ್ಲಿ, ಮೊದಲ ಕಾದಂಬರಿಯನ್ನು ಪ್ರಕಟಿಸಿದ ಲೇಖಕ. ‘ಎಫಿ ಬ್ರೀಸ್ಟ್’ 1894ರ ಅಕ್ಟೋಬರಿನಿಂದ 1895ರ ಮಾರ್ಚಿನವರೆಗೆ ‘ಡಾಯ್ಚ ರುಂಡ್‌ಷೌ’ ಎಂಬ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಬಳಿಕ ಪುಸ್ತಕವಾಯಿತು. ಆಗ ಅವನಿಗೆ ಎಪ್ಪತ್ತೈದು. ನಡುವೆ 1892ರಲ್ಲಿ ತೀವ್ರ ಕಾಯಿಲೆಯಿಂದ ಬರವಣಿಗೆ ನಿಂತುಹೋದಾಗ, ವೈದ್ಯರ ಸಲಹೆಯಂತೆ ತನ್ನ ಬಾಲ್ಯದ ನೆನಪುಗಳನ್ನು ಬರೆದು ಚೇತರಿಸಿಕೊಂಡು ಮತ್ತೆ ಈ ಕಾದಂಬರಿಗೆ ಮರಳಿದನೆಂಬುದು ಇಲ್ಲಿ ಗಮನಾರ್ಹ. ಬಾಲ್ಯದ ಐದು ವರ್ಷಗಳನ್ನು ಅವನು ಕಳೆದ ಬಾಲ್ಟಿಕ್ ಕರಾವಳಿಯ ಸ್ವಿನೆಮ್ಯುಂಡೆ ಎಂಬ, ಈಗ ಪೋಲೆಂಡಿಗೆ ಸೇರಿರುವ ಬಂದರು ಪಟ್ಟಣವೇ ಕಾದಂಬರಿಯ ಕೆಸ್ಸಿನ್ ಎಂಬ ಕಲ್ಪಿತ ಊರಿಗೆ ಆಧಾರವಾಯಿತು. ಹೆಂಡತಿಯಾಗಿ ಬಂದ ಹುಡುಗಿಗೆ ಅಪರಿಚಿತವಾಗಿ ಕಾಣುವ ಆ ಊರನ್ನು ಅವನು ಮಗುವಿನ ಕಣ್ಣಿನಿಂದ ಬಲ್ಲವನಾಗಿದ್ದ.

ಕಾದಂಬರಿ ತೆರೆದುಕೊಳ್ಳುವುದು ಹೋಹೆನ್-ಕ್ರೆಮ್ಮೆನ್ ಎಂಬ ಹಳ್ಳಿಯ ಜಮೀನುದಾರಿ ಮನೆಯ ತೋಟದಲ್ಲಿ. ಹದಿನೇಳರ ಎಫಿ ಶಾಲಾ ಮಾಸ್ತರರ ಅವಳಿ ಹೆಣ್ಣುಮಕ್ಕಳೊಡನೆ, ಪಾದ್ರಿಯ ಮಗಳೊಡನೆ ಆಡುತ್ತ, ಉಯ್ಯಾಲೆಯಲ್ಲಿ ಜೀಕುತ್ತ, ನೆಲ್ಲಿಯಂಥ ಹಣ್ಣಿನ ಸಿಪ್ಪೆಗಳನ್ನು ಪೊಟ್ಟಣ ಕಟ್ಟಿ ಕೊಳದಲ್ಲಿ ಮುಳುಗಿಸುತ್ತ, ಹಿಂದಿನ ಕಾಲದಲ್ಲಿ ದಾರಿ ತಪ್ಪಿದ ಹೆಂಗಸರನ್ನೂ ಹೀಗೆಯೇ ಮುಳುಗಿಸುತ್ತಿದ್ದರಂತೆ ಎಂದು ಹಗುರವಾಗಿ ಹೇಳಿಬಿಡುತ್ತಾಳೆ. ಅದೇ ಹೊತ್ತಿಗೆ ಮನೆಯೊಳಗೆ ಬರೋನ್ ಇನ್‌ಸ್ಟೆಟ್ಟನ್ ಅವಳ ಕೈ ಕೇಳಲು ಬಂದಿರುತ್ತಾನೆ. ಅವನಿಗೆ ಮೂವತ್ತೆಂಟು, ಅವನು ಕೆಸ್ಸಿನ್ನಿನ ‘ಲಾಂಡ್ರಾಟ್’, ಅಂದರೆ ಇಲ್ಲಿನ ಜಿಲ್ಲಾಧಿಕಾರಿಗೆ ಸರಿಸಮನಾದ ಹುದ್ದೆಯವನು, ಒಂದು ಕಾಲದಲ್ಲಿ ಅವನು ಪ್ರೀತಿಸಿದ್ದು ಎಫಿಯ ತಾಯಿಯನ್ನೇ. ಆಟದ ಉಡುಪಿನಲ್ಲಿಯೇ ಒಳಗೆ ಬಂದ ಹುಡುಗಿ ನಡುಗುತ್ತ ನಿಂತಿರುವಾಗ, ಕಿಟಕಿಯಾಚೆಯಿಂದ ಗೆಳತಿಯರು ಅವಳನ್ನು ಆಟಕ್ಕೆ ಕೂಗುತ್ತಾರೆ. ಕಾದಂಬರಿಗೆ ಮೂಲವಾದ ನಿಜಘಟನೆಯನ್ನು ಪರಿಚಯದ ಮಹಿಳೆಯೊಬ್ಬರು ಹೇಳಿದಾಗ ತನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೂಗಿನ ವಿವರವೇ ಎಂದು ಫೊಂಟಾನೆ ಮುಂದೆ ಪತ್ರವೊಂದರಲ್ಲಿ ತಿಳಿಸಿದ್ದಾನೆ.

ಎಫಿಯ ಮುಗ್ಧತೆ ಎಂಥದ್ದೆಂಬುದನ್ನು ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾಗುತ್ತದೆ, ಏಕೆಂದರೆ ಅವಳು ಏನೂ ತಿಳಿಯದ ಮಗುವಲ್ಲ. ವರನು ತಕ್ಕವನೇ ಎಂದು ಗೆಳತಿ ಕೇಳಿದಾಗ, ಒಳ್ಳೆಯ ಮನೆತನ, ಹುದ್ದೆ, ರೂಪ ಇರುವ ಯಾರಾದರೂ ತಕ್ಕವನೇ ಎಂದು ಅವಳು ಉತ್ತರಿಸುತ್ತಾಳೆ. ಅದು ಅವಳು ಯೋಚಿಸಿ ಕಂಡುಕೊಂಡ ಮಾತಾಗಿರದೆ, ತನ್ನ ವರ್ಗದ ಹಿರಿಯರ ಬಾಯಿಂದ ಕೇಳಿ ಕಲಿತ ಪಾಠ. ಮದುವೆಯ ಸಾಮಾನು ಕೊಳ್ಳುವಾಗ ಮಲಗುವ ಕೋಣೆಗೆ ಜಪಾನೀ ತೆರೆಯೂ ಕೆಂಪು ದೀಪವೂ ಬೇಕೆಂದು ಅವಳು ಆಸೆಪಡುತ್ತಾಳೆ, ತಾಯಿ ಅದನ್ನು ಅಲ್ಲಿಯೇ ಅಡಗಿಸುತ್ತಾಳೆ. ವರನು ತತ್ತ್ವನಿಷ್ಠನೆಂದು ಪಾದ್ರಿ ಹೊಗಳಿದ್ದನ್ನು ನೆನೆದು, ತನಗೆ ಅಂಥ ನಿಷ್ಠೆಯಿಲ್ಲ, ಅದಕ್ಕೇ ಅವನನ್ನು ಕಂಡರೆ ಭಯವಾಗುತ್ತದೆ ಎಂದು ಅವಳು ಒಪ್ಪಿಕೊಳ್ಳುತ್ತಾಳೆ. ಅವಳ ಇಂದ್ರಿಯಗಳೂ ಭಯವೂ ಸತ್ಯವನ್ನೇ ನುಡಿಯುತ್ತಿವೆ. ಅವನ್ನು ನಂಬಬೇಕೆಂದು ಮಾತ್ರ ಅವಳಿಗೆ ಯಾರೂ ಕಲಿಸಿಲ್ಲ. ಈ ಕಾದಂಬರಿಯಲ್ಲಿ ಪ್ರೌಢಿಮೆಯೆಂದರೆ ಹಿರಿಯರಿಂದ ಪಡೆದ ಪಾಠವನ್ನು ಕಳಚಿ, ತನ್ನದೇ ಭಯದ ಮೂಲವನ್ನು ತಾನೇ ಗುರುತಿಸುವ ಶಕ್ತಿ. ಅದು ಅವಳಿಗೆ ಹಂತಹಂತವಾಗಿ, ಪ್ರತಿ ಸಲವೂ ತುಸು ತಡವಾಗಿ ದಕ್ಕುತ್ತದೆ.

ಕೆಸ್ಸಿನ್ನಿನ ಮನೆಯೇ ಆ ಭಯದ ಪಾಠಶಾಲೆ. ಹಿಂದೆ ಥಾಮ್ಸೆನ್ ಎಂಬ ಹಡಗಿನ ಕಪ್ತಾನನಿಗೆ ಸೇರಿದ್ದ ಆ ಮನೆಯ ಹಜಾರದ ಸೂರಿನಿಂದ ಹಡಗಿನ ಮಾದರಿಯೊಂದು, ಒಣಗಿಸಿದ ಮೊಸಳೆ, ಶಾರ್ಕ್ ಮೀನು ತೂಗಾಡುತ್ತಿವೆ; ಮೇಲಂತಸ್ತಿನ ಖಾಲಿ ಕೋಣೆಯಲ್ಲಿ ರಾತ್ರಿಯಿಡೀ ಏನೋ ನೆಲಕ್ಕೆ ಸವರಿದ ಸದ್ದು; ಕಪ್ತಾನನ ಸೇವಕನಾಗಿದ್ದು ಸತ್ತು, ಊರಾಚೆಯ ಮರಳುದಿಬ್ಬದಲ್ಲಿ ಹೂಳಲ್ಪಟ್ಟ ಚೀನೀಯನೊಬ್ಬನ ದೆವ್ವದ ಕಥೆ. ಉದ್ದನೆಯ ಪರದೆಗಳನ್ನು ಕತ್ತರಿಸಿದರೆ ಸದ್ದು ನಿಂತೀತೆಂದು ಎಫಿ ಕೇಳಿದರೂ ಇನ್‌ಸ್ಟೆಟ್ಟನ್ ಆ ಕೆಲಸವನ್ನು ಮುಂದೂಡುತ್ತಾನೆ. ಅವನು ಪ್ರಧಾನಿ ಬಿಸ್ಮಾರ್ಕ್‌ನ ಕರೆಯ ಮೇಲೆ ಹೋಗಿದ್ದ ಒಂದು ರಾತ್ರಿ ದೆವ್ವವನ್ನು ಕಂಡಂತಾಗಿ ತತ್ತರಿಸಿದ ಹೆಂಡತಿ ಬೇರೆ ಮನೆಗೆ ಹೋಗೋಣವೆಂದಾಗ, ಜಿಲ್ಲೆಯ ಅಧಿಕಾರಿ ದೆವ್ವಕ್ಕೆ ಹೆದರಿ ಮನೆ ಬಿಟ್ಟನೆಂದರೆ ಜನ ನಗುತ್ತಾರೆ, ತನ್ನ ಬಡ್ತಿಗೂ ಕುತ್ತು ಬರುತ್ತದೆ ಎಂದು ಅವನು ನಿರಾಕರಿಸುತ್ತಾನೆ. ಅವನು ಕ್ರೂರಿಯಲ್ಲ. ಓದುಗರು ಅವನನ್ನು ದುಷ್ಟನೆಂದು ಬಗೆದಾಗ ಫೊಂಟಾನೆ ಪತ್ರಗಳಲ್ಲಿ ಅದನ್ನು ಒಪ್ಪಲಿಲ್ಲ. ಆದರೆ ಗಂಡನ ಲೆಕ್ಕಾಚಾರದಲ್ಲಿ ತನ್ನ ಭಯಕ್ಕೆ ಯಾವ ಸ್ಥಾನವೆಂಬುದು ಹೆಂಡತಿಗೆ ಆ ಬೆಳಗ್ಗೆ ತಿಳಿಯುತ್ತದೆ.

ಈ ಭಯಕ್ಕೆ ಹೆಸರು ಕೊಡುವವನು ಮೇಜರ್ ಕ್ರಂಪಾಸ್. ಹೆಂಗಸರ ವಿಷಯದಲ್ಲಿ ಅಪಕೀರ್ತಿ ಪಡೆದ ಈ ಸೇನಾಧಿಕಾರಿ ಕುದುರೆ ಸವಾರಿಯ ಹೊತ್ತಿನಲ್ಲಿ, ಇನ್‌ಸ್ಟೆಟ್ಟನ್ ಹಿಂದಿನಿಂದಲೂ ದೆವ್ವದ ಕಥೆಗಳನ್ನು ಪ್ರೀತಿಸುವವನು, ಪಾಠ ಹೇಳುವ ಗೀಳಿನವನು, ಎಳೆಯ ಹೆಂಡತಿ ಗಂಡನಿಲ್ಲದ ವೇಳೆ ಅಂಕೆಯಲ್ಲಿರಲೆಂದು ಮನೆಯ ದೆವ್ವವನ್ನು ಕಾವಲಿಗೆ ಇಟ್ಟುಕೊಂಡಿದ್ದಾನೆ ಎಂಬ ಅರ್ಥದ ಮಾತನ್ನು ಎಫಿಯ ಕಿವಿಗೆ ಹಾಕುತ್ತಾನೆ. ಸ್ವಾರ್ಥಿಯ ಬಾಯಿಂದ ಬಂದ ಈ ಮಾತು ಅವಳನ್ನು ಗಂಡನಿಂದ ದೂರ ಸೆಳೆಯುವ ಉಪಾಯವೂ ಹೌದು, ಬಹುಮಟ್ಟಿಗೆ ನಿಜವೂ ಹೌದು. ಮುಗ್ಧೆಗೆ ಸತ್ಯವನ್ನು ಹೇಳುವವನು ಅವಳ ಹಿತೈಷಿಯೇ ಆಗಿರಬೇಕೆಂದಿಲ್ಲ ಎಂಬುದನ್ನು ಗುರುತಿಸಿದ್ದು ಫೊಂಟಾನೆಯ ದೊಡ್ಡಸ್ತಿಕೆ.

ಮುಂದೆ ನಡೆದ ಸಂಬಂಧವನ್ನು ಕಾದಂಬರಿ ತೋರಿಸುವುದೇ ಇಲ್ಲ. ಹಿಮಗಾಡಿಯೊಳಗಿನ ಒಂದು ಗಳಿಗೆ, ಆಮೇಲೆ ಎಫಿ ಸಮುದ್ರ ದಂಡೆಯಲ್ಲಿ ಒಂಟಿಯಾಗಿ ಮಾಡುವ ನಡಿಗೆ, ತಡವಾಗಿ ಮನೆಗೆ ಮರಳುವಿಕೆ, ಅಷ್ಟೇ. ಮುಖ್ಯ ಘಟನೆಗಳನ್ನು ಮರೆಯಲ್ಲಿಟ್ಟು ಸಂಭಾಷಣೆ, ವಸ್ತು, ಸೂಚನೆಗಳಿಂದಲೇ ಓದುಗನಿಗೆ ಅವನ್ನು ಮುಟ್ಟಿಸುವ ಈ ವಿಧಾನ ಜರ್ಮನ್ ವಿಮರ್ಶೆ ‘ಕಾವ್ಯಾತ್ಮಕ ವಾಸ್ತವವಾದ’ ಎಂದು ಕರೆಯುವ ಧಾರೆಯ ಬರವಣಿಗೆಗೆ ಸೇರಿದ್ದು; ಇಲ್ಲಿ ಅದು ಶೈಲಿಯ ಸೊಗಸಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಎಫಿ ಮುಚ್ಚಿಡುವುದನ್ನು ಕಲಿಯುತ್ತಿರುವ ಕಾಲದಲ್ಲಿ ಕಾದಂಬರಿಯೂ ಮುಚ್ಚಿಡುವುದರಿಂದ, ಮನಸ್ಸನ್ನೆಲ್ಲ ಬಿಚ್ಚಿಡುತ್ತಿದ್ದ ಹುಡುಗಿ ಎಷ್ಟು ದೂರ ಬಂದಿದ್ದಾಳೆಂಬುದು ಓದುಗನಿಗೆ ಅನುಭವದಿಂದಲೇ ತಿಳಿಯುತ್ತದೆ. ಬರ್ಲಿನ್ನಿನ ಸಚಿವಾಲಯಕ್ಕೆ ಗಂಡನ ವರ್ಗವಾದಾಗ, ಮನೆ ಹುಡುಕುವ ನೆಪದಲ್ಲಿ ಮೊದಲೇ ಅಲ್ಲಿಗೆ ಹೋಗಿ, ಮತ್ತೆ ಕೆಸ್ಸಿನ್ನಿಗೆ ಮರಳಬಾರದೆಂದು ಅವಳು ಕಾಯಿಲೆ ನಟಿಸುತ್ತಾಳೆ. ಮುದಿ ವೈದ್ಯ ರುಮ್‌ಷ್ಯುಟ್ಟೆಲ್ ಅದು ನಟನೆಯೆಂದು ಅರಿತೂ ಕನಿಕರದಿಂದ ಸುಮ್ಮನಾಗುತ್ತಾನೆ.

ಕಾದಂಬರಿಯ ಅತ್ಯಂತ ಆಳವಾದ ಪುಟಗಳು ಇದಾದ ಮೇಲೆ ಬರುತ್ತವೆ. ತವರಿಗೆ ಬಂದ ಎಫಿ ರಾತ್ರಿ ಕಿಟಕಿಯ ಬಳಿ ಕುಳಿತು ತನ್ನ ಅಂತರಂಗವನ್ನು ತಾನೇ ಶೋಧಿಸುತ್ತಾಳೆ. ತನ್ನನ್ನು ಕಾಡುತ್ತಿರುವುದು ಪಾಪಪ್ರಜ್ಞೆಯೇ ಎಂದು ಕೇಳಿಕೊಂಡರೆ, ಹೌದೆನ್ನಲು ಅವಳಿಗೆ ಆಗುವುದಿಲ್ಲ. ಕಾಡುತ್ತಿರುವುದು ಗುಟ್ಟು ಎಂದಾದರೂ ಬಯಲಾದೀತೆಂಬ ಭಯ, ಅದರೊಡನೆ, ಇಷ್ಟು ಕಾಲ ಸುಳ್ಳಾಡಬೇಕಾಗಿ ಬಂದುದರ ನಾಚಿಕೆ. ಪಾಪಕ್ಕಾಗಿ ಪಶ್ಚಾತ್ತಾಪ ಹುಟ್ಟದಿರುವುದೇ ಅವಳನ್ನು ಬೆಚ್ಚಿಬೀಳಿಸುತ್ತದೆ. ಸಮಾಜ ತನ್ನಿಂದ ನಿರೀಕ್ಷಿಸುವ ಭಾವ ಯಾವುದು, ತನ್ನೊಳಗೆ ನಿಜವಾಗಿ ಇರುವ ಭಾವ ಯಾವುದು ಎಂದು ಬೇರ್ಪಡಿಸಿ ನೋಡುವ ಈ ಸಾಮರ್ಥ್ಯ, ವರನ ಅರ್ಹತೆಯ ಪಟ್ಟಿಯನ್ನು ಗಿಳಿಯಂತೆ ಒಪ್ಪಿಸಿದ ಹದಿನೇಳರ ಹುಡುಗಿಯಲ್ಲಿ ಇರಲಿಲ್ಲ. ಈ ರಾತ್ರಿಯ ಎಫಿಯನ್ನು ನೀತಿಗೆಟ್ಟವಳೆಂದು ಓದುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಅವಳು ಮೊದಲ ಬಾರಿಗೆ ತನ್ನ ವಿಷಯದಲ್ಲಿ ತಾನೇ ಪ್ರಾಮಾಣಿಕಳಾದದ್ದು ಇಲ್ಲಿಯೇ, ಪ್ರೌಢಿಮೆ ಆರಂಭವಾಗುವುದೂ ಇಲ್ಲಿಂದಲೇ.

ಆರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಎಫಿ ಚಿಕಿತ್ಸೆಗೆಂದು ಎಮ್ಸ್ ಪಟ್ಟಣಕ್ಕೆ ಹೋಗಿರುವಾಗ, ಮಗಳು ಆನ್ನಿ ಬಿದ್ದು ಹಣೆಗೆ ಗಾಯ ಮಾಡಿಕೊಳ್ಳುತ್ತಾಳೆ. ಬಟ್ಟೆಪಟ್ಟಿಗಾಗಿ ಹೊಲಿಗೆಯ ಮೇಜನ್ನು ತಡಕಾಡುವಾಗ ಕ್ರಂಪಾಸನ ಹಳೆಯ ಪತ್ರಗಳ ಕಟ್ಟು ಸಿಗುತ್ತದೆ. ಅವನ್ನು ಅವಳು ಏಕೆ ಸುಡಲಿಲ್ಲವೆಂಬ ಪ್ರಶ್ನೆ ಓದುಗರನ್ನು ಇಂದಿಗೂ ಕಾಡುತ್ತದೆ. ಇನ್‌ಸ್ಟೆಟ್ಟನ್‌ಗೆ ದ್ವೇಷವಿಲ್ಲ, ಹೆಂಡತಿಯ ಮೇಲೆ ಪ್ರೀತಿಯೂ ಉಳಿದಿದೆ. ಆದರೂ ಸಮಾಜವೆಂಬುದು ಮನುಷ್ಯನ ಮೇಲೆ ಹಕ್ಕು ಸಾಧಿಸುತ್ತದೆಂದು, ಗೆಳೆಯ ವ್ಯುಲ್ಲರ್ಸ್‌ಡಾರ್ಫ್‌ಗೆ ವಿಷಯ ಹೇಳಿಬಿಟ್ಟ ಕ್ಷಣವೇ ಹಿಂದೆ ಸರಿಯುವ ದಾರಿ ಮುಚ್ಚಿಹೋಯಿತೆಂದು ವಾದಿಸಿ, ಅವನು ದ್ವಂದ್ವಯುದ್ಧಕ್ಕೆ ಕರೆ ಕೊಡುತ್ತಾನೆ. ದ್ವಂದ್ವಯುದ್ಧವೆಂದರೆ ಮಾನಭಂಗಕ್ಕೆ ಪರಿಹಾರವಾಗಿ ಇಬ್ಬರು ಗಂಡಸರು ಸಾಕ್ಷಿಗಳ ಎದುರು ಪಿಸ್ತೂಲು ಹಿಡಿದು ನಿಲ್ಲುವ ಪದ್ಧತಿ. 1871ರ ಜರ್ಮನ್ ದಂಡಸಂಹಿತೆಯ ಪ್ರಕಾರ ಅದು ಅಪರಾಧವೇ ಆದರೂ, ಎದುರಾಳಿಯನ್ನು ಕೊಂದವನಿಗೆ ವಿಧಿಸುತ್ತಿದ್ದುದು ಮಾನಕ್ಕೆ ಕುಂದು ತರದ ಕೋಟೆವಾಸವನ್ನು. ಕ್ರಂಪಾಸ್ ಸಾಯುತ್ತಾನೆ, ಇನ್‌ಸ್ಟೆಟ್ಟನ್ ಆರು ವಾರಗಳಲ್ಲಿ ಬಿಡುಗಡೆಯಾಗಿ ಹುದ್ದೆಗೆ ಮರಳಿ, ಮುಂದೆ ಬಡ್ತಿಯನ್ನೂ ಪಡೆಯುತ್ತಾನೆ. ಎಫಿಗೆ ವಿಚ್ಛೇದನವಾಗಿ, ಮಗಳು ಗಂಡನ ಪಾಲಾಗುತ್ತಾಳೆ, ತವರಿನ ಬಾಗಿಲೂ ಮುಚ್ಚುತ್ತದೆ. ನಿಷ್ಠೆಯ ದಾದಿ ರೋಸ್‌ವಿಟಾಳೊಂದಿಗೆ ಬರ್ಲಿನ್ನಿನ ಸಣ್ಣ ಮನೆಯೊಂದರಲ್ಲಿ ಅವಳು ಒಂಟಿ ಬದುಕು ಆರಂಭಿಸುತ್ತಾಳೆ.

ಸಚಿವರ ಪತ್ನಿಯ ಮೂಲಕ ಬೇಡಿಕೊಂಡು ಮಗಳನ್ನು ಒಮ್ಮೆ ನೋಡುವ ಅನುಮತಿ ಪಡೆದಾಗ, ಮನೆಗೆ ಬಂದ ಆನ್ನಿ ತಾಯಿಯ ಪ್ರತಿ ಪ್ರಶ್ನೆಗೂ ಅಪ್ಪಣೆಯಾದರೆ ಆಗಬಹುದು ಎಂಬರ್ಥದ ಒಂದೇ ಉತ್ತರವನ್ನು, ಯಾರೋ ಬಾಯಿಪಾಠ ಮಾಡಿಸಿದಂತೆ, ಒಪ್ಪಿಸುತ್ತಾಳೆ. ಮಗುವನ್ನು ಕಳುಹಿಸಿದ ಮೇಲೆ ಎಫಿಯ ಸಿಟ್ಟು ಸ್ಫೋಟಿಸುತ್ತದೆ: ತಾನು ಮಾಡಿದ್ದು ಅಸಹ್ಯವೇ, ಆದರೆ ಅದಕ್ಕಿಂತ ಹೆಚ್ಚು ಅಸಹ್ಯ ಹುಟ್ಟಿಸುವುದು ಈ ಜನರ ಸದ್ಗುಣ ಎಂದು ಅವಳು ಕೂಗಾಡಿ ಕುಸಿದುಬೀಳುತ್ತಾಳೆ. ಹಿಂದೆ ದೆವ್ವವನ್ನು ಬಳಸಿ ತನ್ನನ್ನು ಪಳಗಿಸಿದ ವಿಧಾನವೇ ಈಗ ಮಗಳ ಮೇಲೆ ನಡೆದಿದೆಯೆಂಬುದು ಅವಳಿಗೆ ಒಮ್ಮೆಲೇ ಹೊಳೆದಿದೆ. ಒಬ್ಬ ಗಂಡನ ಸ್ವಭಾವವೆಂದು ಮೊದಲು ತೋರಿದ್ದು ಇಡೀ ಶಿಸ್ತಿನ ವ್ಯವಸ್ಥೆಯಾಗಿ, ತನ್ನ ನಂತರದ ತಲೆಮಾರನ್ನೂ ನುಂಗುವ ಯಂತ್ರವಾಗಿ ಕಾಣುವ ಈ ದೃಶ್ಯವೇ ಅವಳ ಅರಿವಿನ ಶಿಖರ. ಪ್ರಶ್ಯದ ಶಿಷ್ಟ ಸಮಾಜದ ಮೇಲೆ ಆ ಕಾಲದಲ್ಲಿ ಬರೆದ ಯಾವ ಪ್ರಬಂಧವೂ ಈ ಕೆಲವು ಪುಟಗಳಷ್ಟು ಕಟುವಾಗಿರಲಾರದು.

ಹಾಗಿರುವಾಗ, ಕೊನೆಯಲ್ಲಿ ಎಫಿ ಗಂಡನನ್ನು ಕ್ಷಮಿಸಿ ಸಾಯುವುದನ್ನು ಹೇಗೆ ಗ್ರಹಿಸಬೇಕೆಂಬುದು ಕಾದಂಬರಿಯ ಕುರಿತ ಹಳೆಯ ವಾದ. ವೈದ್ಯನ ಪತ್ರದಿಂದ ಮನ ಕರಗಿದ ತಂದೆತಾಯಿ ಅವಳನ್ನು ಮರಳಿ ಕರೆಸಿಕೊಳ್ಳುತ್ತಾರೆ. ಕ್ಷಯಿಸುತ್ತಿರುವ ಅವಳು ತಾಯಿಯೊಡನೆ ಮಾತನಾಡುತ್ತ ಇನ್‌ಸ್ಟೆಟ್ಟನ್ ಮಾಡಿದ್ದೆಲ್ಲ ಸರಿಯೇ ಎನ್ನುತ್ತಾಳೆ. ಇದನ್ನು ಸೋತವಳ ಶರಣಾಗತಿಯೆಂದು ಬಗೆಯುವ ವಿಮರ್ಶಕರಿದ್ದಾರೆ. ಆದರೆ ಆ ಮಾತಿನ ಬಾಲವನ್ನು ಬಿಟ್ಟು ಓದಿದರೆ ಮಾತ್ರ ಆ ತೀರ್ಮಾನ ನಿಲ್ಲುತ್ತದೆ. ಅವನಲ್ಲಿ ಒಳ್ಳೆಯತನ ಬಹಳವಿತ್ತು, ನಿಜವಾದ ಪ್ರೀತಿಯಿಲ್ಲದ ಮನುಷ್ಯ ಎಷ್ಟು ಉದಾತ್ತನಾಗಬಹುದೋ ಅಷ್ಟು ಉದಾತ್ತನಾಗಿದ್ದ ಎಂಬರ್ಥದಲ್ಲಿ ಅವಳು ಮಾತು ಮುಗಿಸುತ್ತಾಳೆ. ಕ್ಷಮೆಯೊಳಗೇ ತೀರ್ಪನ್ನೂ ಇಟ್ಟ ಈ ಮಾತು ಹಗೆಯಿಂದಲೂ ಭಯದಿಂದಲೂ ಬಿಡುಗಡೆಯಾದವಳದ್ದು. ಸಮಾಧಿಯ ಕಲ್ಲಿನ ಮೇಲೆ ಗಂಡನ ಮನೆತನದ ಹೆಸರು ಬೇಡ, ತವರಿನ ಹೆಸರೇ ಇರಲಿ ಎಂದು ಕೋರಿದವಳೂ ಅವಳೇ. ಮಗಳು ತೀರಾ ಎಳೆಯವಳಾಗಿದ್ದಳೇನೋ ಎಂದು ತಾಯಿ ಹಲುಬಿದಾಗ, ಅದನ್ನು ಕೆದಕಹೊರಟರೆ ಮುಗಿಯುವುದಿಲ್ಲವೆಂದು ತಂದೆ ಎಂದಿನಂತೆ ಮಾತು ತೇಲಿಸುತ್ತಾನೆ. ಹೆತ್ತವರು ಎಲ್ಲಿದ್ದರೋ ಅಲ್ಲಿಯೇ ಉಳಿದಿದ್ದಾರೆ.

ಅನುಭವದಿಂದ ಅರಿವು ತಾನಾಗಿಯೇ ಹುಟ್ಟುವುದಿಲ್ಲವೆಂಬುದಕ್ಕೆ ಥಾಮಸ್ ಮನ್‌ನ ‘ಬುಡ್ಡೆನ್‌ಬ್ರೋಕ್ಸ್’ (1901) ಕಾದಂಬರಿಯ ಟೋನಿ ನಿದರ್ಶನ. ವ್ಯಾಪಾರಿ ಮನೆತನದ ಹಿತಕ್ಕಾಗಿ ಒಲ್ಲದ ವರನಿಗೆ ಕೈಕೊಟ್ಟು, ಎರಡು ಸಲ ವಿಚ್ಛೇದನ ಕಂಡ ಮೇಲೂ ಆಕೆ ಮನೆತನದ ಹೆಮ್ಮೆಯ ಅದೇ ಮಾತುಗಳನ್ನು ಆಡುತ್ತ ಮುದುಕಿಯಾಗುತ್ತಾಳೆ. ಕುತೂಹಲದ ಸಂಗತಿಯೆಂದರೆ, ಆ ಮನೆತನದ ಹೆಸರು ‘ಎಫಿ ಬ್ರೀಸ್ಟ್’ನಲ್ಲಿ ದ್ವಂದ್ವಯುದ್ಧದ ಸಾಕ್ಷಿಯೊಬ್ಬನ ಹೆಸರಾಗಿ ಮೊದಲೇ ಬಂದಿದೆ.

ಕನ್ನಡದ ಓದುಗರಿಗೆ ಇನ್ನೊಂದು ಹೋಲಿಕೆ ತಾನಾಗಿ ನೆನಪಾಗಬೇಕು. ‘ಎಫಿ ಬ್ರೀಸ್ಟ್’ ಪುಸ್ತಕವಾದ ನಾಲ್ಕು ವರ್ಷಗಳ ಬಳಿಕ, 1899ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಗುಲ್ವಾಡಿ ವೆಂಕಟರಾವ್ ಅವರ ‘ಇಂದಿರಾಬಾಯಿ’ ಕಾದಂಬರಿಯಲ್ಲಿ, ಬಾಲ್ಯದಲ್ಲಿಯೇ ಮದುವೆಯಾಗಿ ವಿಧವೆಯಾದ ಹುಡುಗಿಯು ಕಪಟ ಸಂತಮಂಡಲಿಯ ಹಿಡಿತಕ್ಕೆ ಸಿಗದೆ ತವರನ್ನು ತೊರೆದು, ಅಮೃತರಾಯನೆಂಬ ಸುಧಾರಕನ ಆಶ್ರಯದಲ್ಲಿ ಓದಿ, ಮರುಮದುವೆಯಾಗುತ್ತಾಳೆ. ಕಲೆಗಾರಿಕೆಯ ದೃಷ್ಟಿಯಿಂದ ಫೊಂಟಾನೆಯ ಕೃತಿ ಹೆಚ್ಚು ಸೂಕ್ಷ್ಮವಾದದ್ದೆಂಬುದನ್ನು ಅಲ್ಲಗಳೆಯಲಾಗದು. ಆದರೆ ನಾಯಕಿಗೆ ಬಂದ ತಿಳಿವಳಿಕೆಯನ್ನು ಬದುಕಿಗೆ ಬಳಸಲು ಅವಕಾಶ ಸಿಕ್ಕಿದ್ದು ಮಂಗಳೂರಿನ ಕಾದಂಬರಿಯಲ್ಲಿ, ಏಕೆಂದರೆ ಸ್ತ್ರೀಶಿಕ್ಷಣಕ್ಕೂ ವಿಧವಾ ವಿವಾಹಕ್ಕೂ ಹೋರಾಡುತ್ತಿದ್ದ ಸುಧಾರಣೆಯ ಬಳಗವೊಂದು ಕರಾವಳಿಯಲ್ಲಿ ಅದಾಗಲೇ ರೂಪುಗೊಂಡಿತ್ತು. ಬಿಸ್ಮಾರ್ಕ್ ಕಾಲದ ಜರ್ಮನಿಯಲ್ಲಿಯೂ ಮಹಿಳಾ ಸಂಘಟನೆಗಳು ಇದ್ದವು. ಎಫಿಯ ಶ್ರೀಮಂತ ವರ್ಗದ ಹಜಾರಕ್ಕೆ ಅವುಗಳ ದನಿ ಮುಟ್ಟಿರಲಿಲ್ಲ.

ಎಫಿ ಸಾಯಲೇಬೇಕಿತ್ತೇ ಎಂಬ ಪ್ರಶ್ನೆಯನ್ನು ಇತಿಹಾಸವೇ ಎತ್ತುತ್ತದೆ. ಕಾದಂಬರಿಗೆ ಮೂಲವಾದ ಎಲಿಸಬೆತ್ ಫಾನ್ ಪ್ಲೋಟೋ 1853ರಲ್ಲಿ ಹುಟ್ಟಿ, 1873ರಲ್ಲಿ ತನಗಿಂತ ಐದೇ ವರ್ಷ ಹಿರಿಯನಾದ ಸೇನಾಧಿಕಾರಿ ಆರ್ಮಾಂಡ್ ಫಾನ್ ಆರ್ಡೆನ್ನೆಯನ್ನು ಮದುವೆಯಾದವಳು. ವಯಸ್ಸಿನ ಅಂತರವನ್ನು ಇಪ್ಪತ್ತೊಂದಕ್ಕೆ ಏರಿಸಿದವನು ಫೊಂಟಾನೆ. ಡ್ಯುಸೆಲ್‌ಡಾರ್ಫ್‌ನ ನ್ಯಾಯಾಧೀಶ ಎಮಿಲ್ ಹಾರ್ಟ್‌ವಿಷ್‌ನೊಡನೆ ಅವಳಿಗಿದ್ದ ಸಂಬಂಧ ಪತ್ರಗಳಿಂದ ಬಯಲಾಗಿ, 1886ರ ನವೆಂಬರ್ 27ರಂದು ಬರ್ಲಿನ್ನಿನಲ್ಲಿ ನಡೆದ ದ್ವಂದ್ವಯುದ್ಧದಲ್ಲಿ ಗಾಯಗೊಂಡ ಹಾರ್ಟ್‌ವಿಷ್ ಕೆಲವು ದಿನಗಳಲ್ಲಿ ತೀರಿಕೊಂಡ. ಮರುವರ್ಷ ವಿಚ್ಛೇದನವಾಗಿ, ಮಕ್ಕಳು ತಂದೆಯ ವಶಕ್ಕೆ ಹೋದರು. ಎಲಿಸಬೆತ್ ಕೊರಗಿ ಸಾಯದೆ ರೋಗಿಗಳ ಶುಶ್ರೂಷೆಯ ಕೆಲಸ ಕಲಿತು, ದಶಕಗಳ ಕಾಲ ದುಡಿದು, ಬಹಳ ವರ್ಷಗಳ ನಂತರ ಮಕ್ಕಳ ಸಂಪರ್ಕವನ್ನೂ ಮರಳಿ ಪಡೆದು, 1952ರಲ್ಲಿ ತೊಂಬತ್ತೆಂಟರ ವಯಸ್ಸಿನಲ್ಲಿ ನಿಧನಳಾದಳು. ಭೌತವಿಜ್ಞಾನಿ ಮಾನ್‌ಫ್ರೆಡ್ ಫಾನ್ ಆರ್ಡೆನ್ನೆ ಅವಳ ಮೊಮ್ಮಗ.

ಕಾದಂಬರಿಯನ್ನು ಜರ್ಮನರು ಹಲವು ಬಾರಿ ತೆರೆಗೆ ತಂದಿದ್ದಾರೆ. 1974ರಲ್ಲಿ ರೈನರ್ ವೆರ್ನರ್ ಫಾಸ್‌ಬಿಂಡರ್, ಹಾನಾ ಷಿಗುಲ್ಲಾಳನ್ನು ಎಫಿಯಾಗಿಸಿ ತೆಗೆದ ಕಪ್ಪು ಬಿಳುಪಿನ ಚಿತ್ರ ಮೂಲದ ಅಂತ್ಯಕ್ಕೆ ನಿಷ್ಠವಾಗಿದ್ದರೆ, 2009ರಲ್ಲಿ ಹೆರ್ಮಿನ್ ಹುಂಟ್‌ಗೆಬುರ್ತ್ ನಿರ್ದೇಶಿಸಿದ ಚಿತ್ರದಲ್ಲಿ ಎಫಿ ಸಾಯದೆ, ಸ್ವತಂತ್ರ ಬದುಕಿನತ್ತ ನಡೆದುಹೋಗುತ್ತಾಳೆ. ಎಲಿಸಬೆತ್‌ಳ ಬದುಕಿಗೆ ಈ ಮಾರ್ಪಾಟು ಹತ್ತಿರವಾದದ್ದು ನಿಜ, ಇಂದಿನ ಪ್ರೇಕ್ಷಕರು ಅದನ್ನು ಬಯಸುವುದೂ ಸಹಜ. ಆದರೆ ಎಲಿಸಬೆತ್ ಗೆದ್ದದ್ದು ತನ್ನೊಬ್ಬಳ ಎದೆಗಾರಿಕೆಯಿಂದ, ಸಮಾಜ ಮುಚ್ಚಿದ ಬಾಗಿಲುಗಳ ಹೊರಗೆ ನಿಂತು; ಫೊಂಟಾನೆ ಬರೆಯಹೊರಟದ್ದು ಆ ಬಾಗಿಲುಗಳ ಕುರಿತು. ತೊಂಬತ್ತೆಂಟು ವರ್ಷ ಬಾಳಿದವಳ ಕಥೆಯನ್ನು ಅವನು ಬರೆದಿದ್ದರೆ ಓದುಗರು ಅವಳನ್ನು ಮೆಚ್ಚಿ, ಇನ್‌ಸ್ಟೆಟ್ಟನ್‌ಗಳನ್ನು ಬೆಳೆಸುವ ವ್ಯವಸ್ಥೆಯನ್ನು ಮರೆತುಬಿಡುವ ಸಾಧ್ಯತೆಯಿತ್ತು.